ಹಳೆಯ ಸ್ಕೂಟರಿನ ಉಸಿರು

ಮುದಿ ವಾಹನವನ್ನು ಇಟ್ಟುಕೊಂಡವನಿಗೆ ಸಲಹೆಗಾರರ ಕೊರತೆಯಿಲ್ಲ. ತಂದೆಯವರು ಬಿಟ್ಟುಹೋದ 1978ರ ಸ್ಕೂಟರು ನಡುದಾರಿಯಲ್ಲಿ ನಿಲ್ಲತೊಡಗಿದ ದಿನದಿಂದ ನನಗೆ ದೊರೆತ ಉಪದೇಶವನ್ನೆಲ್ಲ ಬರೆದಿಟ್ಟಿದ್ದರೆ ಸಣ್ಣದೊಂದು ಗ್ರಂಥವೇ ಆಗುತ್ತಿತ್ತು. ನೆರೆಮನೆಯವರು ದೋಷ ಪ್ಲಗ್ಗಿನದೆಂದರು, ಹಾಲಿನವನು ಕಾರ್ಬುರೇಟರಿನದೆಂದ, ನನ್ನ ತಮ್ಮನಂತೂ, “ಅಣ್ಣಾ, ತೂಕಕ್ಕೆ ಹಾಕಿಬಿಡು” ಎಂದು ಗುಜರಿಯವನ ವಿಳಾಸವನ್ನೇ ತಂದುಕೊಟ್ಟ. ಆ ಚೀಟಿಯನ್ನು ನಾನು ಹರಿಯಲಿಲ್ಲ, ಜೇಬಿನಲ್ಲಿಟ್ಟುಕೊಂಡೆ.

ರೋಗಲಕ್ಷಣ ವಿಚಿತ್ರವಾಗಿತ್ತು. ಬೆಳಿಗ್ಗೆ ವಾಡಿಕೆಯಂತೆ ಒಮ್ಮೆ ಪಕ್ಕಕ್ಕೆ ವಾಲಿಸಿ ಒದ್ದರೆ ಎರಡನೆಯ ಒದೆತಕ್ಕೇ ಎಚ್ಚರಗೊಳ್ಳುತ್ತಿತ್ತು. ಆದರೆ ಮೈಸೂರಿನ ಸರಸ್ವತೀಪುರಂನಿಂದ ಹೊರಟು ಚಾಮುಂಡಿಬೆಟ್ಟದ ಪಾದವನ್ನು ಮುಟ್ಟುವ ಮೊದಲೇ ಅದಕ್ಕೆ ಏದುಸಿರು ಬರುವುದು. ನಾಲ್ಕು ಬಾರಿ ಮುಗ್ಗರಿಸಿ ನಿಂತುಬಿಡುವುದು. ಮರದ ನೆರಳಿನಲ್ಲಿ ಕಾಲುಗಂಟೆ ಕುಳಿತೆನಾದರೆ, ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುವುದು.

ಈ ಕುಲದ ಮೂಲಪುರುಷ ಇಟಲಿಯ ವೆಸ್ಪ. 1946ರಲ್ಲಿ ಅದನ್ನು ರೂಪಿಸಿದ ಕೊರಾದಿನೊ ದಾಸ್ಕಾನಿಯೊ ವಿಮಾನಗಳ ಎಂಜಿನಿಯರು. ಮೋಟಾರ್ ಸೈಕಲೆಂದರೆ ಅವನಿಗೆ ಅಷ್ಟಕ್ಕಷ್ಟೆ. ಆದ್ದರಿಂದಲೇ ಸವಾರನ ಬಟ್ಟೆಗೆ ಜಿಡ್ಡು ತಾಗದಂತೆ ಎಂಜಿನ್ನನ್ನು ಹಿಂಚಕ್ರದ ಬಳಿ ತಗಡಿನ ಹೊದಿಕೆಯೊಳಗೆ ಅಡಗಿಸಿದ. ವೆಸ್ಪ ಎಂದರೆ ಕಣಜ. ಆ ವಂಶದ ರೂಪವೇ ನಮ್ಮಲ್ಲಿ 1972ರಿಂದ ರಾಣಾ ಪ್ರತಾಪನ ಕುದುರೆಯ ಹೆಸರನ್ನು ಹೊತ್ತು ಚೇತಕ್ ಎಂದು ಮನೆಮನೆಗೆ ಬಂದಿತು. ಈ ಬಗೆಯ ಸ್ಕೂಟರುಗಳಲ್ಲಿ ಪೆಟ್ರೋಲನ್ನು ಎತ್ತಿಕೊಡುವ ಪಂಪು ಇಲ್ಲ. ಆಸನದ ಕೆಳಗಿನ ಟ್ಯಾಂಕಿನಿಂದ ಅದು ತನ್ನ ಭಾರಕ್ಕೆ ತಾನೇ ಕಾರ್ಬುರೇಟರಿಗೆ ಇಳಿಯಬೇಕು. ಈ ಸರಳ ಸಂಗತಿಯನ್ನು ನಾನು ಬಲ್ಲೆನಾದರೂ ಅದರ ಅರ್ಥವನ್ನು ಯೋಚಿಸಿರಲಿಲ್ಲ.

ಎಂಜಿನ್ ನಡೆಯಲು ಕಿಡಿ, ಇಂಧನ, ಗಾಳಿ ಈ ಮೂರೂ ಬೇಕು. ನಾನು ಕಿಡಿಯಿಂದ ಆರಂಭಿಸಿದೆ. ಪ್ಲಗ್ಗಿನ ತುದಿ ಕಪ್ಪಾಗಿ ಒದ್ದೆಯಾಗಿದ್ದರೆ ಪೆಟ್ರೋಲೋ ಎಣ್ಣೆಯೋ ಹೆಚ್ಚಾಗಿದೆಯೆಂದೂ, ಬೆಳ್ಳಗಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆಯೆಂದೂ ತಿಳಿಯಬೇಕು. ನನ್ನದು ಕಾಫಿಪುಡಿಯ ಬಣ್ಣ; ಆರೋಗ್ಯದ ಗುರುತು. ಆದರೂ ಬದಲಾಯಿಸಿದೆ. ಬಿಸಿಯೇರಿದ ಮೇಲೆ ನಿಲ್ಲುವ ಗಾಡಿಯಲ್ಲಿ ಕಂಡೆನ್ಸರನ್ನು ಶಂಕಿಸುವುದು ರೂಢಿ. ಅದನ್ನೂ ಹೊಸದಾಗಿ ಹಾಕಿಸಿದೆ. ಕಾರ್ಬುರೇಟರನ್ನು ಬಿಚ್ಚಿ ಜೆಟ್ಟುಗಳನ್ನು ಪೆಟ್ರೋಲಿನಲ್ಲಿ ತೊಳೆದು ಊದಿದೆ. ಸೈಲೆನ್ಸರಿನೊಳಗೆ ಕಟ್ಟಿದ್ದ ಮಸಿಯನ್ನು ತೆಗೆಸಿದೆ. ಲೀಟರಿಗೆ 20 ಮಿಲಿಲೀಟರಿನಂತೆ ಎಣ್ಣೆಯನ್ನು ಅಳೆದು ಬೆರೆಸಿದೆ. ಕೊನೆಗೆ ಉದಾರಬುದ್ಧಿ ಬಂದು ಟ್ಯಾಂಕನ್ನು ಕಂಠಮಟ್ಟ ತುಂಬಿಸಿದೆ. ಅಂದು ಗಾಡಿ ಎಂದಿಗಿಂತ ಬೇಗನೆ ನಿಂತಿತು! ಅದೊಂದು ದೊಡ್ಡ ಸುಳಿವು; ನಾನು ಅದನ್ನು ಕೃತಘ್ನತೆಯೆಂದು ಭಾವಿಸಿದೆ.

ಜೇಬಿನ ಚೀಟಿಯನ್ನು ಬಿಡಿಸಿ ನೋಡಿದ್ದು ಅಂದೇ. ಹೋಗುವ ಮುನ್ನ ಕಡೆಯದಾಗಿ ತೋರಿಸೋಣವೆಂದು, ಹಿಂದೆ ತಂದೆಯವರು ಹೋಗುತ್ತಿದ್ದ ವೃದ್ಧ ಮೆಕ್ಯಾನಿಕ್ಕರ ಬಳಿಗೆ ತಳ್ಳಿಕೊಂಡು ಹೋದೆ. ಅವರು ಸ್ಪ್ಯಾನರನ್ನು ಮುಟ್ಟಲಿಲ್ಲ. “ಹೀಗೆ ಶುರುವಾಗೋಕೆ ಮುಂಚೆ ಕೊನೇಗೆ ಏನು ಮುಟ್ಟಿದ್ರಿ, ಮೇಷ್ಟ್ರೇ?” ಎಂದು ಕೇಳಿದರು. ಏನೂ ಇಲ್ಲವೆಂದೆ. ಅವರು ನಕ್ಕು, ಹಿಂದಿನ ಸೀಟಿನಲ್ಲಿ ಕುಳಿತು, “ನಡೀರಿ, ಎಲ್ಲಿ ನಿಲ್ಲುತ್ತೋ ನೋಡೋಣ” ಎಂದರು.

ನಿಂತ ಸ್ಥಳದಲ್ಲಿಯೇ ಅವರು ಪ್ಲಗ್ಗನ್ನು ಬಿಚ್ಚಿ, ತೆರೆದ ರಂಧ್ರದಿಂದ ದೂರವಾಗಿ ಲೋಹಕ್ಕೆ ತಾಗಿಸಿ ಹಿಡಿದು, ನನ್ನಿಂದ ಒದೆಸಿದರು. ನೀಲಿಯ ಕಿಡಿ ಚಟ್ಟನೆ ಹಾರಿತು. “ಕಂಡೆನ್ಸರ್ ಬಚಾವಾಯ್ತು” ಎಂದರು. ಪ್ಲಗ್ಗಿನ ತುದಿಯನ್ನು ಬೆರಳಿನಿಂದ ಸವರಿದರು, ಒಣಗಿತ್ತು. ಟ್ಯಾಂಕು ತುಂಬಿದ್ದರೂ ಎಂಜಿನ್ನಿಗೆ ಪೆಟ್ರೋಲು ಬಂದಿರಲಿಲ್ಲ. ಆಮೇಲೆ ಆಸನವನ್ನೆತ್ತಿ ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿದರು. ಉಸ್ಸೆಂದು ಗಾಳಿ ಒಳನುಗ್ಗಿದ ಸದ್ದು ಸ್ಪಷ್ಟವಾಗಿ ಕೇಳಿಸಿತು. ಪ್ಲಗ್ಗನ್ನು ಮರಳಿ ಕೂರಿಸಿ ತುಸು ತಡೆದು ಒದ್ದಾಗ ಗಾಡಿ ಎದ್ದಿತು.

ಅಂಗಡಿಯವನು ಎಣ್ಣೆಯ ಡಬ್ಬಿಗೆ ಎರಡು ತೂತು ಕೊರೆಯುವುದನ್ನು ನಾವೆಲ್ಲ ಕಂಡಿದ್ದೇವೆ. ಒಂದು ಎಣ್ಣೆ ಹೊರಬರಲು, ಇನ್ನೊಂದು ಗಾಳಿ ಒಳಹೋಗಲು. ಟ್ಯಾಂಕಿನ ನ್ಯಾಯವೂ ಅದೇ. ಪೆಟ್ರೋಲು ಇಳಿದಷ್ಟೂ ಗಾಳಿ ಆ ಜಾಗವನ್ನು ತುಂಬಬೇಕು. ಅದಕ್ಕಾಗಿಯೇ ಮುಚ್ಚಳದಲ್ಲೊಂದು ಸೂಕ್ಷ್ಮರಂಧ್ರ. ಅದು ಮುಚ್ಚಿದರೆ ಒಳಗಿನ ಒತ್ತಡ ಕುಗ್ಗಿ ಪೆಟ್ರೋಲು ಇಳಿಯದೆ ತಡೆದು ನಿಲ್ಲುತ್ತದೆ. ಕಾಲುಗಂಟೆಯಲ್ಲಿ ಎಲ್ಲಿಂದಲೋ ತುಸು ಗಾಳಿ ನುಸುಳಿ ಗಾಡಿ ಚೇತರಿಸಿಕೊಳ್ಳುತ್ತದೆ. ಟ್ಯಾಂಕು ತುಂಬಿದ್ದಾಗ ಒಳಗಿನ ಗಾಳಿ ಕಡಿಮೆ. ಅದರ ಒತ್ತಡ ಬೇಗ ಕುಸಿಯುತ್ತದೆ. ನನ್ನ ಔದಾರ್ಯದ ಫಲ ಹಾಗಾದದ್ದು ಅದರಿಂದಲೇ.

ಮುಚ್ಚಳದೊಳಗಿನ ರಬ್ಬರನ್ನು ಎತ್ತಿ ತೋರಿಸಿ, “ಇದು ಯಾರ ಕೆಲಸ?” ಎಂದರು. ನನ್ನದೇ. ಹಳೆಯ ರಬ್ಬರು ಸಡಿಲವಾಗಿ ಪೆಟ್ರೋಲು ಜಿನುಗುತ್ತಿದೆಯೆಂದು, ಸೈಕಲ್ ಟ್ಯೂಬಿನಿಂದ ದುಂಡಗೆ ಕತ್ತರಿಸಿ, ಬಲು ಹೆಮ್ಮೆಯಿಂದ ಕೂರಿಸಿದ್ದೆ. ಅದಾದ ವಾರದಿಂದಲೇ ರೋಗ ಕಾಣಿಸಿಕೊಂಡಿತ್ತು. ದುರಸ್ತಿಯನ್ನು ಯಾರು ತಾನೇ ಅಪರಾಧಗಳ ಪಟ್ಟಿಯಲ್ಲಿ ಸೇರಿಸುತ್ತಾರೆ? ಇಷ್ಟು ದಿನ ಯಂತ್ರದ ಪ್ರತಿಯೊಂದು ಅಂಗವನ್ನೂ ವಿಚಾರಣೆಗೆ ಕರೆದಿದ್ದೆ. ನನ್ನ ಕೈಯೊಂದನ್ನು ಬಿಟ್ಟು.

ಮನೆಗೆ ಬಂದು ಸಾಮಾನಿನ ಡಬ್ಬಿಯಲ್ಲಿ ಹಳೆಯ ರಬ್ಬರನ್ನು ಹುಡುಕಿ ತೆಗೆದೆ. ಅದೂ ಅಂಗಡಿಯದಲ್ಲ, ತಂದೆಯವರು ಟ್ಯೂಬಿನಿಂದಲೇ ಕತ್ತರಿಸಿದ್ದು. ನಡುವೆ, ಕಾಯಿಸಿದ ಮೊಳೆಯಿಂದ ಚುಚ್ಚಿದ ಒಂದು ದುಂಡನೆಯ ತೂತು. ಅದನ್ನು ಬಿಸಾಡಹೊರಟ ದಿನ ಆ ತೂತನ್ನು ನಾನು ಸವೆತವೆಂದು ತಿಳಿದಿದ್ದೆ.