ಮಣ್ಣು ಮಾಡುವುದು: ಹಳೆಯ ನುಡಿ, ಹೊಸ ವಿಧಾನ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡದಲ್ಲಿ ಶವಸಂಸ್ಕಾರಕ್ಕೆ ಹೋಗಿ ಬಂದವರು ‘ಮಣ್ಣಿಗೆ ಹೋಗಿದ್ದೆವು’ ಎನ್ನುತ್ತಾರೆ. ಹೂಳುವುದಕ್ಕೆ ‘ಮಣ್ಣು ಮಾಡುವುದು’ ಎಂಬ ಮಾತಂತೂ ಕನ್ನಡಿಗರೆಲ್ಲರಲ್ಲಿ ಬಳಕೆಯಲ್ಲಿದೆ. ಈ ನುಡಿಗಟ್ಟಿಗೆ ಲಕ್ಷ್ಯಾರ್ಥ ಹೇಳುವುದು ವಾಡಿಕೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಇದು ವಾಚ್ಯಾರ್ಥದಲ್ಲಿಯೇ ನಡೆಯುತ್ತಿದೆ.

ಮೃತದೇಹವನ್ನು ಗೊಬ್ಬರದ ಕ್ರಮದಲ್ಲಿ ಮಣ್ಣಾಗಿಸುವುದಕ್ಕೆ ಆ ರಾಜ್ಯವು 2019ರ ಮೇ ತಿಂಗಳಿನಲ್ಲಿ ಕಾನೂನಿನ ಮನ್ನಣೆ ನೀಡಿತು. ಆ ದೇಶದಲ್ಲಿ ಅದೇ ಮೊದಲನೆಯದು. ಇದರ ಹಿಂದಿದ್ದವರು ವಾಸ್ತುಶಿಲ್ಪ ಕಲಿತ ಕತ್ರೀನಾ ಸ್ಪೇಡ್. ಸತ್ತ ದನಗಳನ್ನು ರೈತರು ಮರದ ಚೂರುಗಳಲ್ಲಿ ಮುಚ್ಚಿ ಕೊಳೆಯಿಸುವ ಪದ್ಧತಿಯೇ ಅವರಿಗೆ ಪ್ರೇರಣೆ. 2018ರಲ್ಲಿ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, ದಾನವಾಗಿ ಬಂದ ಆರು ದೇಹಗಳ ಮೇಲೆ ಪ್ರಯೋಗ ನಡೆಯಿತು. 2020ರ ಕೊನೆಯಲ್ಲಿ ಸಿಯಾಟಲ್ ಪ್ರದೇಶದ ಕೇಂದ್ರವು ಕಾರ್ಯಾರಂಭ ಮಾಡಿತು.

ಉಕ್ಕಿನ ಕೊಳವೆಯಾಕಾರದ ತೊಟ್ಟಿಯಲ್ಲಿ ಮರದ ಚೂರು, ಹುಲ್ಲು, ಕುದುರೆಮೆಂತೆಗಳ ಹಾಸಿಗೆಯ ಮೇಲೆ ದೇಹವನ್ನಿರಿಸಿ ಅವುಗಳಿಂದಲೇ ಮುಚ್ಚುತ್ತಾರೆ. ದೇಹದಲ್ಲಿ ಸಾರಜನಕ ಹೆಚ್ಚು. ಮರದಲ್ಲಿ ಇಂಗಾಲ ಹೆಚ್ಚು. ಇವೆರಡೂ ಹದವಾಗಿ ಬೆರೆತು ಗಾಳಿಯೂ ತೇವವೂ ದೊರೆತಾಗ ಸೂಕ್ಷ್ಮಜೀವಿಗಳು ತಾವಾಗಿಯೇ ಕೆಲಸಕ್ಕಿಳಿಯುತ್ತವೆ. ಹೊರಗಿನಿಂದ ಬೆಂಕಿಯ ಅಗತ್ಯವಿಲ್ಲ. ತಿಪ್ಪೆಯೊಳಗೆ ಕೈಯಿಟ್ಟವರಿಗೆ ಆ ಕಾವು ಗೊತ್ತು. ಉಷ್ಣತೆ 55 ಡಿಗ್ರಿ ಸೆಲ್ಸಿಯಸ್ ದಾಟಿ ಮೂರು ದಿನ ನಿಂತರೆ ರೋಗಾಣುಗಳು ಬಹುಮಟ್ಟಿಗೆ ನಾಶವಾಗುತ್ತವೆ. ಐದಾರು ವಾರಗಳಲ್ಲಿ ಮಾಂಸವೆಲ್ಲ ಕರಗುತ್ತದೆ, ಎಲುಬು ಉಳಿಯುತ್ತದೆ. ಅದನ್ನು ಯಂತ್ರದಿಂದ ಪುಡಿಮಾಡಿ ಮತ್ತೆ ಬೆರೆಸಿ, ಇನ್ನೂ ಕೆಲವು ವಾರ ಮಾಗಲು ಬಿಡುತ್ತಾರೆ. ಕೊನೆಗೆ ದೊರೆಯುವುದು ಸುಮಾರು ಮುಕ್ಕಾಲು ಘನ ಮೀಟರ್ ಮಣ್ಣು. ಆದರೆ ಪ್ರಿಯಾನ್ ಎಂಬ ವಿಕೃತ ಪ್ರೋಟೀನಿನಿಂದ ಬರುವ ರೋಗಗಳಿಂದ ಸತ್ತವರಿಗೆ ಈ ದಾರಿಯಿಲ್ಲ. ಪ್ರಿಯಾನ್ ಆ ಕಾವಿಗೆ ನಾಶವಾಗದು.

ಹೂಳುವ ಸಂಪ್ರದಾಯವಿರುವ ದೇಶದಲ್ಲಿ ಇದೇಕೆ ಬೇಕಾಯಿತು? ಅಮೆರಿಕದಲ್ಲಿ ಶವಕ್ಕೆ ರಾಸಾಯನಿಕ ತುಂಬಿ, ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯನ್ನು ಕಾಂಕ್ರೀಟಿನ ಗೂಡಿನೊಳಗೆ ಇಳಿಸುವುದು ಸಾಮಾನ್ಯ. ಅಲ್ಲಿ ಹೂಳಿದ ದೇಹವು ಮಣ್ಣನ್ನು ಮುಟ್ಟುವುದೇ ಅಪರೂಪ. ದೇಹವನ್ನು ಕುಳಿತ ಭಂಗಿಯಲ್ಲಿ ನೇರವಾಗಿ ನೆಲಕ್ಕೊಪ್ಪಿಸುವ ಈ ಸೀಮೆಯ ಲಿಂಗಾಯತರಿಗೆ ಆ ಕೊರತೆ ಅರ್ಥವಾಗುವುದೇ ಕಷ್ಟ. ಆಳದ ಕುಣಿಯಲ್ಲಿ ಗಾಳಿ ಕಡಿಮೆಯಿರುವುದರಿಂದ ಕರಗುವಿಕೆ ನಿಧಾನ ಎಂಬುದಷ್ಟೇ ವ್ಯತ್ಯಾಸ.

ವಿರೋಧವೂ ಬಂದಿತು. 2022ರಲ್ಲಿ ನ್ಯೂಯಾರ್ಕ್ ರಾಜ್ಯ ಇದನ್ನು ಒಪ್ಪುವ ಮುನ್ನ, ಮನುಷ್ಯದೇಹಕ್ಕೆ ಸಲ್ಲಬೇಕಾದ ಗೌರವ ಇದರಲ್ಲಿಲ್ಲವೆಂದು ಕ್ಯಾಥೊಲಿಕ್ ಬಿಷಪ್ಪರು ಆಕ್ಷೇಪಿಸಿದರು. ಕಸ ಕೊಳೆಯಿಸುವ ಕ್ರಿಯೆಗೂ ತಾಯಿಯ ಅಂತ್ಯಕ್ರಿಯೆಗೂ ಒಂದೇ ಹೆಸರಾದರೆ ಮನಸ್ಸು ಮುದುಡುವುದು ಸಹಜವೇ. ಅಲ್ಲಿಯ ಕಾನೂನು ಕೂಡ ಗೊಬ್ಬರವೆಂಬ ಪದವನ್ನು ಬದಿಗಿಟ್ಟು, ‘ಸಹಜ ಸಾವಯವ ರೂಪಾಂತರ’ ಎಂಬರ್ಥದ ಪದವನ್ನು ಆರಿಸಿಕೊಂಡಿತು.

ಅನುವಾದಕರಿಗೆ ಇಲ್ಲಿಯೇ ತೊಡಕು. ‘ಮಾನವ ಗೊಬ್ಬರ’ವೆಂದರೆ ಕನ್ನಡದ ಓದುಗ ಮೊದಲು ನೆನೆಯುವುದು ಮಲವನ್ನು. ‘ಸಾವಯವ ರೂಪಾಂತರ’ವೆಂದರೆ ಏನೂ ನೆನಪಾಗದು. ‘ಮಣ್ಣಾಗಿಸುವಿಕೆ’ ಎಂದರೆ ಊರಿನ ಹಿರಿಯರೂ ವಿವರಣೆ ಕೇಳಲಾರರು.