ವಿಮಾನದ ದಾರಿ: ದೂರ ಎಷ್ಟು? ಹೊತ್ತು ಎಷ್ಟು?

ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ? ಮರ್ಕೇಟರ್ ನಕ್ಷೆಯಲ್ಲಿ ಪೂರ್ವಾಭಿಮುಖವಾಗಿ ಸರಳರೇಖೆ ಎಳೆದು, ಅದೇ ದಾರಿಯಲ್ಲಿ ಸಾಗಿದರೆ ಸುಮಾರು 16,100 ಕಿ.ಮೀ. ಆಗುತ್ತದೆ. ಆದರೆ ಭೂಮಿ ಗೋಲಾಕಾರದ್ದು. ಗ್ಲೋಬಿನ ಮೇಲೆ ಈ ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿದು ನೋಡಿ. ಅದು ಟಿಬೆಟ್, ಮಂಗೋಲಿಯಗಳನ್ನು ದಾಟಿ, ಸೈಬೀರಿಯದ ಉತ್ತರ ಕರಾವಳಿಯ ಬಳಿ ಸುಮಾರು 71 ಡಿಗ್ರಿ ಅಕ್ಷಾಂಶದವರೆಗೆ ಏರಿ, ಅಲಾಸ್ಕದ ಮೂಲಕ ಇಳಿಯುತ್ತದೆ. ಇದರ ಉದ್ದ ಸುಮಾರು 13,990 ಕಿ.ಮೀ. ಮಾತ್ರ. ಭೂಮಿಯ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ಇಂಥ ವೃತ್ತಕ್ಕೆ 'ಮಹಾವೃತ್ತ' ಎಂದು ಹೆಸರು. ಗೋಲದ ಮೇಲಿನ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ ಇದರ ಒಂದು ಭಾಗವೇ.

ವಿಮಾನದ ವೇಗ ಗಂಟೆಗೆ 900 ಕಿ.ಮೀ. ಎಂದುಕೊಂಡರೆ ಈ ಪ್ರಯಾಣಕ್ಕೆ ಸುಮಾರು ಹದಿನೈದೂವರೆ ಗಂಟೆ ಬೇಕು. ವಾಸ್ತವವೇನು?

ಏರ್ ಇಂಡಿಯಾ 2021ರ ಜನವರಿಯಲ್ಲಿ ಈ ಊರುಗಳ ನಡುವೆ ನೇರ ವಿಮಾನ ಆರಂಭಿಸಿತು. ಮಹಿಳೆಯರೇ ಚಲಾಯಿಸಿದ ಮೊದಲ ವಿಮಾನದ ವೇಳಾಪಟ್ಟಿ ಹೀಗಿತ್ತು: ಸ್ಯಾನ್ ಫ್ರಾನ್ಸಿಸ್ಕೋದಿಂದ 9ರ ರಾತ್ರಿ 8.30ಕ್ಕೆ ಹೊರಟು, ಬೆಂಗಳೂರಿಗೆ 11ರ ಬೆಳಗಿನ ಜಾವ 3.45ಕ್ಕೆ ತಲುಪುವುದು. ಗಡಿಯಾರಗಳ ಪ್ರಕಾರ ಇದು 31 ಗಂಟೆ 15 ನಿಮಿಷ. ಆದರೆ ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿನದಕ್ಕಿಂತ 13 ಗಂಟೆ 30 ನಿಮಿಷ ಮುಂದಿರುತ್ತದೆ. ಅದನ್ನು ಕಳೆದರೆ ಉಳಿಯುವುದು 17 ಗಂಟೆ 45 ನಿಮಿಷ. ನಮ್ಮ ಲೆಕ್ಕಕ್ಕಿಂತ ಎರಡು ಗಂಟೆಗೂ ಹೆಚ್ಚು!

ಈ ವ್ಯತ್ಯಾಸಕ್ಕೆ ಒಂದು ಕಾರಣ, ವಿಮಾನವು ರನ್‌ವೇ ತಲುಪಲು, ಮೇಲೇರಲು, ಇಳಿಯಲು ಹಿಡಿಯುವ ಸಮಯ. ದೊಡ್ಡ ಕಾರಣ ಗಾಳಿ. ವಿಮಾನ ಹಾರುವ 10-12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ರಭಸದ ಜೆಟ್ ಪ್ರವಾಹಗಳಿವೆ. 14,000 ಕಿ.ಮೀ. ದಾರಿಯಲ್ಲಿ ಸರಾಸರಿ 50 ಕಿ.ಮೀ. ವೇಗದ ಹಿಂಗಾಳಿ ಸಿಕ್ಕರೆ 14.7 ಗಂಟೆ ಸಾಕು. ಅಷ್ಟೇ ವೇಗದ ಎದುರುಗಾಳಿ ಇದ್ದರೆ 16.5 ಗಂಟೆ ಬೇಕು. ಹೋಗುವಾಗಿನ ಮತ್ತು ಬರುವಾಗಿನ ಪ್ರಯಾಣಕಾಲ ಬೇರೆಯಾಗುವುದು ಹೀಗೆ.

ಆದ್ದರಿಂದ ಅತಿ ಹತ್ತಿರದ ದಾರಿಯೇ ಅತಿ ಬೇಗನೆ ತಲುಪಿಸುವ ದಾರಿಯಲ್ಲ. ಮೇಲೆ ಹೇಳಿದ ಮೊದಲ ವಿಮಾನ ಉತ್ತರ ಧ್ರುವದ ಮೇಲೆ ಹಾದು ಬಂದಿತು. ಧ್ರುವದ ಮೂಲಕ ದೂರ ಸುಮಾರು 14,370 ಕಿ.ಮೀ.; ಮಹಾವೃತ್ತಕ್ಕಿಂತ 380 ಕಿ.ಮೀ. ಮಾತ್ರ ಹೆಚ್ಚು. ಬಲವಾದ ಎದುರುಗಾಳಿ ತಪ್ಪುವುದಾದರೆ ಇಷ್ಟು ಸುತ್ತು ಲಾಭವೇ. ಒಂದು ಗಂಟೆ ಉಳಿದರೆ ಹಲವು ಟನ್ ಇಂಧನ ಉಳಿಯುತ್ತದೆ, ಅದರ ಹೊಗೆಯೂ ತಪ್ಪುತ್ತದೆ.

ಕೆಲವೊಮ್ಮೆ ಸುತ್ತು ಅನಿವಾರ್ಯ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ಭಾರತೀಯ ವಿಮಾನಗಳಿಗೆ ತನ್ನ ವಾಯುಪ್ರದೇಶವನ್ನು ಮುಚ್ಚಿದಾಗ, ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ನಮ್ಮ ವಿಮಾನಗಳು ಅರಬ್ಬಿ ಸಮುದ್ರದ ಕಡೆಯಿಂದ ಸುತ್ತಿ ಹೋಗಬೇಕಾಯಿತು. ಊರುಗಳ ನಡುವಿನ ದೂರ ಬದಲಾಗಲಿಲ್ಲ. ಪ್ರಯಾಣದ ಹೊತ್ತು ಬದಲಾಯಿತು.

ನೀವೂ ಪರೀಕ್ಷಿಸಬಹುದು. ಮುಂಬಯಿ-ಕೋಲ್ಕತ್ತ ನಡುವಿನ ದೂರ ಸುಮಾರು 1,660 ಕಿ.ಮೀ. ಚಳಿಗಾಲದ ವೇಳಾಪಟ್ಟಿಯಲ್ಲಿ ಹೋಗುವ, ಬರುವ ಅವಧಿಗಳನ್ನು ಹೋಲಿಸಿ. ಗಾಳಿ ಯಾವ ಕಡೆಗೆ ಬೀಸುತ್ತದೆಂದು ಊಹಿಸಬಲ್ಲಿರಾ?