ಪೆಟ್ಟಿಗೆಯೊಳಗೆ ಏನಿದೆ ಎಂಬುದು ಗೊತ್ತಿರಲಿ

ನಿಮ್ಮ ಮನೆಯ ಕಂಪ್ಯೂಟರ್ ಕೆಟ್ಟರೆ ಮೊದಲು ಏನು ಮಾಡುತ್ತೀರಿ? ಹೆಚ್ಚಿನವರು ಮಾಡುವುದು ಒಂದೇ. ವಯರುಗಳನ್ನು ಕಿತ್ತು, ಪೆಟ್ಟಿಗೆಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಪೇಟೆಯ ಬಸ್ಸು ಹತ್ತುತ್ತಾರೆ. ಅಂಗಡಿಯವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಕೇಳಿದಷ್ಟು ಹಣ ಕೊಟ್ಟು ಬರುತ್ತಾರೆ.

ನಾನೂ ಹಾಗೆಯೇ ಮಾಡಿದವನು. ನಮ್ಮದು ಎಚ್.ಡಿ. ಕೋಟೆ ತಾಲೂಕಿನ ಹಂಪಾಪುರ. ಒಂದು ದಿನ ಮನೆಯ ಕಂಪ್ಯೂಟರಿನ ಪರದೆ ಕಪ್ಪಾಗಿಯೇ ಉಳಿಯಿತು. ಪೆಟ್ಟಿಗೆಯಿಂದ ಬೀಪ್ ಬೀಪ್ ಎಂಬ ಸದ್ದು ಮಾತ್ರ ಬರುತ್ತಿತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಪೇಟೆಗೆ ಹೋದೆ. ಅಂಗಡಿಯವರು ಅದನ್ನು ಬಿಚ್ಚಲೂ ಇಲ್ಲ. "ಮದರ್‌ಬೋರ್ಡ್ ಹೋಗಿದೆ. ಹೊಸ ಕಂಪ್ಯೂಟರೇ ತಗೊಂಡುಬಿಡಿ ಮೇಷ್ಟ್ರೇ" ಎಂದರು. ಮಗಳ ಕಾಲೇಜಿನ ಬರವಣಿಗೆ, ತೀರಿಕೊಂಡ ನನ್ನ ತಾಯಿಯ ನಾಲ್ಕೈದು ಫೋಟೋಗಳು ಎಲ್ಲವೂ ಅದರಲ್ಲಿದ್ದವು. ಇನ್ನು ಅವು ಸಿಗುವುದಿಲ್ಲವೆಂದೇ ತಿಳಿದು, ಕೈಯಲ್ಲಿ ಹಣವೂ ಇಲ್ಲದೆ, ಭಾರವಾದ ಮನಸ್ಸಿನಿಂದ ಮರಳಿದೆ.

ಐಟಿಐ ಓದುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಂಜೆ ಮನೆಗೆ ಬಂದ. ಪ್ಲಗ್ ತೆಗೆದು, ಪಕ್ಕದ ಮುಚ್ಚಳ ಬಿಚ್ಚಿದ. "ಸಾರ್, ಪೆನ್ಸಿಲ್ ಅಳಿಸುವ ರಬ್ಬರ್ ಇದ್ದರೆ ಕೊಡಿ" ಎಂದ. ಉದ್ದನೆಯ ಪಟ್ಟಿಯಂಥ ಒಂದು ಭಾಗವನ್ನು ಹೊರತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಮೆಲ್ಲಗೆ ಉಜ್ಜಿ, ಮತ್ತೆ ಕೂರಿಸಿದ. ಪರದೆ ಬೆಳಗಿತು. ಖರ್ಚಾದದ್ದು ಒಂದು ಲೋಟ ಚಹಾ.

ಅಂಗಡಿಯವರು ಮೋಸ ಮಾಡಿದರೆಂದು ನಾನು ಹೇಳುವುದಿಲ್ಲ. ಅವರು ಪರೀಕ್ಷಿಸದೆ ಹೇಳಿದರು, ನಾನು ಪ್ರಶ್ನಿಸದೆ ಒಪ್ಪಿದೆ. ಭಾಗಗಳ ಹೆಸರೇ ಗೊತ್ತಿಲ್ಲದವನು ಪ್ರಶ್ನೆಯನ್ನಾದರೂ ಹೇಗೆ ಕೇಳಿಯಾನು?

ಆದ್ದರಿಂದ ಓದುಗರೇ, ಆ ಹೆಸರುಗಳನ್ನು ನಾವು ಕಲಿತುಕೊಳ್ಳೋಣ. ಇಡೀ ಪೆಟ್ಟಿಗೆಯನ್ನು ನಾವು 'ಸಿಪಿಯು' ಎನ್ನುತ್ತೇವೆ. ನಿಜವಾದ ಸಿಪಿಯು ಎಂದರೆ ಫ್ಯಾನಿನ ಕೆಳಗಿರುವ ಪುಟ್ಟ ಚಿಪ್. ಅದು ಲೆಕ್ಕ ಮಾಡುತ್ತದೆ. ರ‍್ಯಾಮ್ ಎಂಬ ಪಟ್ಟಿ, ಕೆಲಸ ನಡೆಯುವಾಗ ಮಾತ್ರ ವಿಷಯವನ್ನು ನೆನಪಿಟ್ಟುಕೊಂಡು, ವಿದ್ಯುತ್ ಹೋದೊಡನೆ ಮರೆಯುತ್ತದೆ. ನಿಮ್ಮ ಫೋಟೋ, ಬರಹಗಳು ಉಳಿಯುವುದು ಹಾರ್ಡ್‌ಡಿಸ್ಕ್ ಅಥವಾ ಎಸ್‌ಎಸ್‌ಡಿಯಲ್ಲಿ. ಇವೆಲ್ಲವನ್ನೂ ಜೋಡಿಸುವ ಹಲಗೆಯೇ ಮದರ್‌ಬೋರ್ಡ್. ಅಂದರೆ ಮದರ್‌ಬೋರ್ಡ್ ಸುಟ್ಟರೂ ಡಿಸ್ಕ್ ಚೆನ್ನಾಗಿದ್ದರೆ, ಅದನ್ನು ಸಾಮಾನ್ಯವಾಗಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ಫೋಟೋಗಳನ್ನು ತೆಗೆದುಕೊಳ್ಳಬಹುದು. ಇಷ್ಟು ತಿಳಿದಿದ್ದರೆ ಆ ದಿನ ನಾನು ಅಷ್ಟು ಕುಗ್ಗುತ್ತಿರಲಿಲ್ಲ.

ತೊಂದರೆಗಳಿಗೂ ಲಕ್ಷಣಗಳಿವೆ. ಪ್ರತಿ ಸಲ ತಾರೀಕು, ಗಂಟೆ ತಪ್ಪುತ್ತಿದ್ದರೆ ಮದರ್‌ಬೋರ್ಡಿನ ಮೇಲಿರುವ ಬಿಲ್ಲೆಯಂಥ 3 ವೋಲ್ಟಿನ ಬ್ಯಾಟರಿ ಮುಗಿದಿರಬಹುದು. ಸ್ವಲ್ಪ ಹೊತ್ತು ನಡೆದು ತಾನಾಗಿಯೇ ಆರಿದರೆ ಫ್ಯಾನಿಗೆ ಧೂಳು ತುಂಬಿ ಚಿಪ್ ಬಿಸಿಯಾಗುತ್ತಿರಬಹುದು. ದೀಪವೂ ಹತ್ತದಿದ್ದರೆ ಮೊದಲು ಪ್ಲಗ್ ಮತ್ತು ವಯರ್ ನೋಡಿ, ಅನಂತರ ಎಸ್‌ಎಂಪಿಎಸ್ ಮೇಲೆ ಸಂಶಯಪಡಿ. ಮನೆಯ 230 ವೋಲ್ಟ್ ವಿದ್ಯುತ್ತನ್ನು 12, 5, 3.3 ವೋಲ್ಟಿಗೆ ಇಳಿಸುವ ಡಬ್ಬಿ ಅದು. ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬಂದರೆ ತಕ್ಷಣ ಆರಿಸಿ ತಿಳಿದವರಿಗೆ ತೋರಿಸಿ.

ಒಂದು ಎಚ್ಚರಿಕೆ. ಪ್ಲಗ್ ತೆಗೆಯದೆ ಮುಚ್ಚಳ ಮುಟ್ಟಬೇಡಿ. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಮನೆಯಲ್ಲಿ ಬಿಚ್ಚಲೇಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಗುಡುಗು ಸಿಡಿಲಿನ ಸೂಚನೆ ಕಂಡಾಗಲೇ ಪ್ಲಗ್ ತೆಗೆದಿಡಿ.

ಅಂಗಡಿಗೆ ಹೋಗಬೇಕಾಗಿ ಬಂದರೆ ನಾಲ್ಕು ಮಾತು ಕೇಳಿ. ಯಾವ ಭಾಗ ಕೆಟ್ಟಿದೆ? ಬೇರೆ ಭಾಗ ಹಾಕಿ ನೋಡಿದ್ದೀರಾ? ತೆಗೆದ ಹಳೆಯ ಭಾಗವನ್ನು ನನಗೆ ಕೊಡುತ್ತೀರಾ? ಹೊಸದಕ್ಕೆ ಎಷ್ಟು ಕಾಲದ ವಾರಂಟಿ? ಬಿಲ್ ಕೇಳಲು ಸಂಕೋಚ ಬೇಡ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಬಿಲ್ ಕೊಡದಿರುವುದನ್ನೂ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ದೂರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ವಸ್ತುವನ್ನು ಕೊಂಡವನಿಗೆ ಅದನ್ನು ದುರಸ್ತಿ ಮಾಡಿಸಿಕೊಳ್ಳುವ ಹಕ್ಕೂ ಇರಬೇಕೆಂಬ ಚಿಂತನೆಯಿಂದ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಪ್ರತ್ಯೇಕ ಪೋರ್ಟಲನ್ನೇ ಆರಂಭಿಸಿತು. ಇನ್ನೊಂದು ಮುಖ್ಯ ಮಾತು: ಮನೆಯ ಹೆಣ್ಣುಮಕ್ಕಳ ಫೋಟೋ, ಬ್ಯಾಂಕಿನ ಕಾಗದಗಳು ಡಿಸ್ಕಿನಲ್ಲಿರುತ್ತವೆ. ರಿಪೇರಿಗೆ ಡಿಸ್ಕಿನ ಅಗತ್ಯವಿಲ್ಲದಿದ್ದರೆ ಅದನ್ನು ಬಿಚ್ಚಿಸಿ ಮನೆಯಲ್ಲೇ ಇಟ್ಟುಕೊಳ್ಳಿ. ಮುಖ್ಯವಾದುದರ ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲಿ ಸದಾ ಇರಲಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಉಚಿತ ಬೆಂಬಲ ನಿಂತಿತು. ಹಳೆಯ ಅನೇಕ ಯಂತ್ರಗಳು ವಿಂಡೋಸ್ 11ಕ್ಕೆ ಹೊಂದುವುದಿಲ್ಲ. ಹಾಗೆಂದು ಅವುಗಳನ್ನು ಗುಜರಿಗೆ ಹಾಕಬೇಕಿಲ್ಲ. ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿ, ಉಚಿತವಾಗಿ ಸಿಗುವ ಲಿನಕ್ಸ್ ಅಳವಡಿಸಿದರೆ ಮಕ್ಕಳ ಓದಿಗೆ ಇನ್ನೂ ಕೆಲವು ವರ್ಷ ಸಾಕು. ದುರಸ್ತಿಯೇ ಆಗದಂಥದ್ದನ್ನು ಸುಡಬೇಡಿ, ತಿಪ್ಪೆಗೆ ಎಸೆಯಬೇಡಿ. ಹಳೆಯ ಬೋರ್ಡುಗಳ ಬೆಸುಗೆಯಲ್ಲಿ ಸೀಸವಿರುತ್ತದೆ. ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡಿ.

ಕಲಿಯಲು ದಾರಿಗಳೂ ಇವೆ. ಐಟಿಐಗಳಲ್ಲಿ ಹಾರ್ಡ್‌ವೇರ್ ಕಲಿಸುವ ವಿಭಾಗವಿದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಹಳ್ಳಿಯ ಯುವಜನರಿಗೆ ಊಟ, ವಸತಿಯೊಂದಿಗೆ ಉಚಿತವಾಗಿ ಸ್ವ ಉದ್ಯೋಗ ತರಬೇತಿ ಕೊಡುತ್ತಾ ಬಂದಿದೆ. ಅದೇ ಮಾದರಿಯ ಸಂಸ್ಥೆಗಳು ಇಂದು ಜಿಲ್ಲೆ ಜಿಲ್ಲೆಗಳಲ್ಲಿವೆ. ಹಾರ್ಡ್‌ವೇರ್ ತರಬೇತಿ ಯಾವಾಗ ನಡೆಯುತ್ತದೆಂದು ವಿಚಾರಿಸಿ. ಹೆಣ್ಣುಮಕ್ಕಳನ್ನೂ ಕಳುಹಿಸಿ. ಮನೆಯಲ್ಲೇ ಕುಳಿತು ಮಾಡಬಹುದಾದ ಕೆಲಸವಿದು. ತಮ್ಮ ಕಂಪ್ಯೂಟರನ್ನು ಪರಿಚಯವಿಲ್ಲದವರ ಕೈಗೆ ಕೊಡಲು ಹಿಂಜರಿಯುವ ನೆರೆಮನೆಯ ಮಹಿಳೆಯರಿಗೂ ಅದರಿಂದ ಅನುಕೂಲ.

ನಮ್ಮ ಮನೆಯಲ್ಲಿ ಈಗ ಮುಚ್ಚಳ ಬಿಚ್ಚಿ ಧೂಳು ತೆಗೆಯುವವಳು ಮಗಳೇ. ನಾನು ಪಕ್ಕದಲ್ಲಿ ಸ್ಕ್ರೂಗಳನ್ನು ತಟ್ಟೆಯಲ್ಲಿ ಹಿಡಿದುಕೊಂಡು ಕುಳಿತಿರುತ್ತೇನೆ. ಮುಂದಿನ ಬಾರಿ ನಿಮ್ಮ ಕಂಪ್ಯೂಟರ್ ಮೌನವಾದರೆ, ಬಸ್ಸು ಹತ್ತುವ ಮುನ್ನ ನೀವೂ ಒಮ್ಮೆ ಮಕ್ಕಳೊಂದಿಗೆ ಅದರ ಮುಂದೆ ಕುಳಿತು ನೋಡಿ.